ಪಾಠವನ್ನು ಕೊನೆಯಿಂದ ಹೆಣೆಯಿರಿ: ಭಾಷಾ ತರಗತಿಯ ಹಂತಗಳು, ಚಟುವಟಿಕೆಗಳು

'ಅವರು ಬರಲಿಲ್ಲ' ಅಂದರೆ ಕಾದದ್ದು ಮುಗಿಯಿತು. 'ಅವರು ಬಂದಿಲ್ಲ' ಅಂದರೆ ಕಣ್ಣು ಇನ್ನೂ ಬಾಗಿಲ ಕಡೆಗೇ ಇದೆ. ಕನ್ನಡ ಮನೆಮಾತಾದವರು ಈ ವ್ಯತ್ಯಾಸವನ್ನು ಯೋಚಿಸದೆ ಆಡುತ್ತಾರೆ. ಹೊಸದಾಗಿ ಕನ್ನಡ ಕಲಿಯುವವರಿಗೆ ಅದನ್ನು ವಿವರಿಸುವುದೂ ಎರಡು ನಿಮಿಷದ ಕೆಲಸ. ಆದರೆ ವಿವರಣೆಗೆ ತಲೆಯಾಡಿಸಿದವರೇ ಮಾತಿಗೆ ಇಳಿದಾಗ 'ಅವರು ಬಂದಲಿಲ್ಲ' ಅನ್ನುತ್ತಾರೆ. ತಿಳಿದದ್ದಕ್ಕೂ ಆಡುವುದಕ್ಕೂ ನಡುವೆ ದೊಡ್ಡ ದೂರವಿದೆ. ಅದನ್ನು ದಾಟಿಸುವುದೇ ಪಾಠದ ಕೆಲಸ, ಹಂತಗಳು ಇರುವುದೂ ಅದಕ್ಕಾಗಿಯೇ.

ಈ ಬರಹದುದ್ದಕ್ಕೂ ಒಂದೇ ಪಾಠವನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. 60 ನಿಮಿಷದ ತರಗತಿ, 12ರಿಂದ 16 ಜನ ವಯಸ್ಕರು, 'ಬಂದೆ, ಹೋದೆ, ಮಾಡಿದೆ' ಇಷ್ಟನ್ನು ಆಗಲೇ ಬಲ್ಲವರು. ಇವತ್ತಿನ ಗುರಿ 'ಮಾಡಲಿಲ್ಲ' ಮತ್ತು 'ಮಾಡಿಲ್ಲ'. ಕಲಿಸುವ ಭಾಷೆ ಬೇರೆಯಾದರೂ ಪಾಠ ಕಟ್ಟುವ ಬಗೆ ಹೆಚ್ಚು ಬದಲಾಗುವುದಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. 'ಮೊದಲು ಆಟ, ಆಮೇಲೆ ವ್ಯಾಕರಣ, ಆಮೇಲೆ ವರ್ಕ್‌ಶೀಟ್, ಕೊನೆಗೆ ರೋಲ್ ಪ್ಲೇ' ಎಂದು ಬರೆದಿಟ್ಟುಕೊಂಡದ್ದು ಚಟುವಟಿಕೆಗಳ ಪಟ್ಟಿ ಮಾತ್ರ, ಅದು ಇನ್ನೂ ಪಾಠವಾಗಿಲ್ಲ. ರೋಲ್ ಪ್ಲೇಯನ್ನೇ ತೆಗೆದುಕೊಳ್ಳಿ. ಪಾಠದ ಆರಂಭದಲ್ಲಿ ಮಾಡಿಸಿದರೆ ಅದು ಯಾರಿಗೆ ಏನು ಬರುತ್ತದೆ ಎಂದು ನೋಡುವ ಪರೀಕ್ಷೆ. ನಡುವೆ, ಕೈಯಲ್ಲಿ ಸಂಭಾಷಣೆಯ ಚೀಟಿ ಕೊಟ್ಟು ಮಾಡಿಸಿದರೆ ಅಭ್ಯಾಸ. ಕೊನೆಯಲ್ಲಿ ಚೀಟಿಯಿಲ್ಲದೆ ಮಾಡಿಸಿದರೆ ನಿಜವಾದ ಬಳಕೆ. ಹಂತವನ್ನು ಗುರುತಿಸಬೇಕಾದದ್ದು ಕಲಿಯುವವರ ಮನಸ್ಸು ಆ ಹೊತ್ತಿನಲ್ಲಿ ಎಲ್ಲಿದೆ ಎಂಬುದರಿಂದ: ಅರ್ಥವನ್ನು ಹಿಡಿಯುತ್ತಿದೆಯೇ, ರೂಪವನ್ನು ಸರಿಪಡಿಸಿಕೊಳ್ಳುತ್ತಿದೆಯೇ, ಇಲ್ಲವೇ ಭಾಷೆಯನ್ನು ಮರೆತು ಹೇಳಬೇಕಾದ ಸಂಗತಿಯಲ್ಲಿ ಮುಳುಗಿದೆಯೇ?

ಕೊನೆಯ ಕೆಲಸ ಮೊದಲು ತೀರ್ಮಾನವಾಗಲಿ

ಪಾಠ ಯೋಜನೆಯನ್ನು ಆರಂಭದಿಂದ ಬರೆಯತೊಡಗಿದರೆ ವಿವರಣೆ ಹಿಗ್ಗುತ್ತದೆ, ಕೊನೆಗೆ ಮಾತಾಡಿಸಲು ಐದು ನಿಮಿಷ ಉಳಿಯುತ್ತದೆ. ಆದ್ದರಿಂದ ಯೋಜನೆಯ ಹಾಳೆಯಲ್ಲಿ ಮೊದಲು ಬರೆಯಬೇಕಾದದ್ದು ಕೊನೆಯ ಚಟುವಟಿಕೆ. ಅಲ್ಲಿ ಏನು ಬೇಕಾಗುತ್ತದೆ ಎಂದು ನೋಡಿ, ಅದಕ್ಕೆ ಸಜ್ಜುಗೊಳಿಸುವ ಅಭ್ಯಾಸವನ್ನು ಅದರ ಮೇಲೆ, ಆ ಅಭ್ಯಾಸಕ್ಕೆ ಬೇಕಾದ ವಿವರಣೆಯನ್ನು ಇನ್ನೂ ಮೇಲೆ ಬರೆದುಕೊಳ್ಳಬೇಕು.

ನಮ್ಮ ಪಾಠದ ಕೊನೆಯ ಕೆಲಸ ಹೀಗಿರಲಿ. ಇಬ್ಬರು ಜೊತೆಯಾಗಿ ಪ್ರವಾಸಕ್ಕೆ ಹೊರಡಬೇಕು, ಉಳಿದಿರುವುದು 120 ನಿಮಿಷ. ಒಬ್ಬೊಬ್ಬರ ಚೀಟಿಯಲ್ಲೂ ಅವರವರ ಪಾಲಿನ ನಾಲ್ಕು ಕೆಲಸಗಳಿವೆ. ಒಂದು ಆಗಿದೆ. ಎರಡು ಇನ್ನೂ ಆಗಿಲ್ಲ, ಪಕ್ಕದಲ್ಲಿ ತಗಲುವ ಸಮಯ ಬರೆದಿದೆ. ಇನ್ನೊಂದು ಆಗಲೇ ಇಲ್ಲ, ಅವಕಾಶ ತಪ್ಪಿಹೋಗಿದೆ. ಕಚೇರಿ ಮುಚ್ಚಿತ್ತು ಎಂದೋ ಟಿಕೆಟ್ ಖಾಲಿಯಾಗಿತ್ತು ಎಂದೋ ಕಾರಣವಿದೆ. ಇಬ್ಬರ ಚೀಟಿಯನ್ನೂ ಸೇರಿಸಿದರೆ ಆಗದೆ ಉಳಿದಿರುವ ನಾಲ್ಕು ಕೆಲಸಗಳಿಗೆ 30, 40, 50 ಮತ್ತು 70 ನಿಮಿಷ ಬೇಕು, ಒಟ್ಟು 190. ಯಾವುದನ್ನು ಮಾಡುವುದು, ಯಾವುದನ್ನು ಬಿಡುವುದು? 50 ಮತ್ತು 70 ಸೇರಿದರೂ 120, 30, 40, 50 ಸೇರಿದರೂ 120. ಹೀಗೆ ಎರಡು ಉತ್ತರಗಳಿರುವುದರಿಂದ ವಾದಕ್ಕೆ ಜಾಗವಿದೆ.

ಈ ಚೀಟಿಯಲ್ಲಿ ಒಂದು ಕಂಡಿ ಮುಚ್ಚಬೇಕು. 'ನೀವು ಒಂದು ಕೆಲಸ ಮಾಡಿ, ನಾನೊಂದು ಮಾಡುತ್ತೇನೆ' ಎಂದು ಹಂಚಿಕೊಂಡರೆ ನಾಲ್ಕೂ ಕೆಲಸ ಸಮಯದೊಳಗೆ ಮುಗಿದುಬಿಡುತ್ತವೆ, ಚರ್ಚೆಯೇ ಉಳಿಯುವುದಿಲ್ಲ. ಆದ್ದರಿಂದ 'ಇರುವುದು ಒಂದೇ ವಾಹನ, ಇಬ್ಬರೂ ಜೊತೆಯಲ್ಲೇ ಇರಬೇಕು' ಎಂದು ಮೊದಲೇ ಬರೆದಿಡಿ. ಕಾಗದದ ಮೇಲೆ ಚೆನ್ನಾಗಿ ಕಾಣುವ ಚಟುವಟಿಕೆಗಳು ತರಗತಿಯಲ್ಲಿ ಕುಸಿಯುವುದು ಇಂಥ ಸಣ್ಣ ಕಂಡಿಗಳಿಂದ. ತರಗತಿಗೆ ಒಯ್ಯುವ ಮೊದಲು ನೀವೇ ಇನ್ನೊಬ್ಬರೊಡನೆ ಕೂತು ಒಮ್ಮೆ ಆಡಿ ನೋಡಿದರೆ ಹೆಚ್ಚಿನವು ಸಿಕ್ಕಿಬೀಳುತ್ತವೆ.

ಇಲ್ಲಿ ಗಮನಿಸಬೇಕಾದದ್ದು: 'ಮಾಡಿಲ್ಲ' ಮತ್ತು 'ಮಾಡಲಿಲ್ಲ' ಬೆರೆತುಹೋದರೆ ತೀರ್ಮಾನವೇ ತಪ್ಪುತ್ತದೆ. 'ಕಚೇರಿಗೆ ಹೋಗಲಿಲ್ಲ' ಎಂದರೆ ಆ ಕೆಲಸವನ್ನು ಲೆಕ್ಕದಿಂದ ಬಿಡಬೇಕು, 'ಹೋಗಿಲ್ಲ' ಎಂದರೆ ಲೆಕ್ಕಕ್ಕೆ ಹಿಡಿಯಬೇಕು. ಗುರಿಯ ರೂಪವಿಲ್ಲದೆ ಕೆಲಸ ಸಾಗದಂತೆ ಚಟುವಟಿಕೆಯನ್ನು ಕಟ್ಟುವುದು ಕಷ್ಟದ ಕೆಲಸ, ಯೋಜನೆಯ ಸಮಯದಲ್ಲಿ ಅರ್ಧ ಇದಕ್ಕೇ ಹೋದರೂ ನಷ್ಟವಿಲ್ಲ. 'ನಿನ್ನೆ ಏನೇನು ಮಾಡಲಿಲ್ಲ ಎಂದು ಪಕ್ಕದವರೊಂದಿಗೆ ಮಾತಾಡಿ' ಎಂದರೆ ಯಾರಿಗೂ ಮಾತಾಡುವ ಕಾರಣವಿರುವುದಿಲ್ಲ, ಎರಡು ವಾಕ್ಯಕ್ಕೆ ಮೌನ ಬೀಳುತ್ತದೆ.

ಮಾತಾಡುವ ಕಾರಣ ಹುಟ್ಟುವುದು ಒಂದು ಅಂತರದಿಂದ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ಮುಂದಾಳುತನದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಇಂಗ್ಲಿಷ್ ಕಲಿಕೆಯ ಒಂದು ಪ್ರಯೋಗ ನಡೆಯಿತು. ಭಾಷಾ ಬೋಧನೆಯ ಲೋಕದಲ್ಲಿ ಅದು 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರಾಗಿದೆ. ಅಂತರಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದು ಅಲ್ಲಿಂದ ಬಂದದ್ದು. ನನಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲ ಎನ್ನುವುದು ಮಾಹಿತಿಯ ಅಂತರ. ಇಬ್ಬರಿಗೂ ಗೊತ್ತಿರುವುದರಿಂದ ಹೊಸದೊಂದನ್ನು ಲೆಕ್ಕಹಾಕಿ ತೆಗೆಯಬೇಕು ಎನ್ನುವುದು ತರ್ಕದ ಅಂತರ. ವೇಳಾಪಟ್ಟಿ ನೋಡಿ ಯಾವ ರೈಲು ಹಿಡಿಯಬೇಕೆಂದು ಹೇಳುವಂಥದ್ದು. ನನಗೆ ಅನ್ನಿಸುವುದು ನಿಮಗೆ ಅನ್ನಿಸುವುದಕ್ಕಿಂತ ಬೇರೆ ಎನ್ನುವುದು ಅಭಿಪ್ರಾಯದ ಅಂತರ. ಪ್ರಭು ಅವರ ಒಲವು ತರ್ಕದ ಅಂತರದ ಕಡೆಗಿತ್ತು. ಮಾಹಿತಿಯ ಅಂತರದಲ್ಲಿ ಚೀಟಿ ಓದಿ ಹೇಳಿದರೆ ಮುಗಿಯುತ್ತದೆ. ಅಭಿಪ್ರಾಯಕ್ಕೆ ಸರಿ ತಪ್ಪಿನ ಅಳತೆಯಿಲ್ಲ, ಹೊಸಬರಿಗೆ ಅಷ್ಟು ಭಾಷೆಯೂ ಇರುವುದಿಲ್ಲ. ತರ್ಕದಲ್ಲಿ ಉತ್ತರ ಸರಿಯೇ ಎಂದು ಕಲಿಯುವವರೇ ನೋಡಿಕೊಳ್ಳಬಹುದು. ನಮ್ಮ ಪ್ರವಾಸದ ಕೆಲಸ ಮಾಹಿತಿಯಲ್ಲಿ ಶುರುವಾಗಿ ತರ್ಕಕ್ಕೆ ಹೊರಳುತ್ತದೆ.

ಅದೇ ಪ್ರಯೋಗದಿಂದ ಇನ್ನೊಂದು ಅಳತೆಯನ್ನೂ ಎರವಲು ಪಡೆಯಬಹುದು: ತರಗತಿಯ ಅರ್ಧದಷ್ಟು ಜನ ಕೆಲಸದ ಅರ್ಧದಷ್ಟನ್ನಾದರೂ ಸರಿಯಾಗಿ ಮಾಡಿದರೆ ಅದರ ಮಟ್ಟ ಸರಿಯಿದೆ ಎಂದರ್ಥ. ಎಲ್ಲರೂ ಎಲ್ಲವನ್ನೂ ಸಲೀಸಾಗಿ ಮುಗಿಸಿದರೆ ಕೆಲಸ ಸುಲಭವಾಯಿತು.

ಆರಂಭ ಚಿಕ್ಕದಾಗಿರಲಿ

ಮೈಚಳಿ ಬಿಡಿಸುವ ಆಟ ಬೇರೆ, ಪಾಠಕ್ಕೆ ಪೀಠಿಕೆ ಬೇರೆ. ಆಟಕ್ಕೆ ವಿಷಯದ ನಂಟು ಬೇಕಿಲ್ಲ. ಪೀಠಿಕೆ ಮಾತ್ರ ಇವತ್ತಿನ ವಿಷಯದ ಬಾಗಿಲು ತೆರೆಯಬೇಕು. ಪ್ರವಾಸಕ್ಕೆ ಹೊರಡುವ ಹಿಂದಿನ ದಿನದ ಒಂದು ಚಿತ್ರ, ಅದರಲ್ಲಿ ಅರ್ಧ ತುಂಬಿದ ಚೀಲ, ಗಡಿಯಾರ, 'ಇವರು ಯಾಕೆ ಗಾಬರಿಯಲ್ಲಿದ್ದಾರೆ?' ಎಂಬ ಪ್ರಶ್ನೆ. ನಾಲ್ಕು ನಿಮಿಷ ಸಾಕು. ಇಲ್ಲಿ ಯಾರ ತಪ್ಪನ್ನೂ ತಿದ್ದಬೇಡಿ.

ಅರ್ಥ, ರೂಪ, ಉಚ್ಚಾರ: ಈ ಕ್ರಮದಲ್ಲೇ

ಹೊಸ ರೂಪವನ್ನು ಮುಂದಿಡುವಾಗ ಅರ್ಥ ಮೊದಲು ಬರಬೇಕು. ಬೋರ್ಡಿನ ಮೇಲೆ ಮೊದಲೇ ಕೋಷ್ಟಕ ಬರೆದುಬಿಟ್ಟರೆ ಎಲ್ಲರೂ ಪುಸ್ತಕದಲ್ಲಿ ನಕಲು ಮಾಡುವುದರಲ್ಲಿ ತೊಡಗುತ್ತಾರೆ, ನೀವು ಹೇಳುವ ಅರ್ಥ ಕಿವಿಗೆ ಬೀಳುವುದಿಲ್ಲ.

ಎರಡು ಸನ್ನಿವೇಶ ಕೊಡಿ. ಒಂದು: ಸಭೆ 5 ಗಂಟೆಗೆ ಮುಗಿಯಿತು, ಎಲ್ಲರೂ ಮನೆಗೆ ಹೋದರು, ರವಿ ಬರಲಿಲ್ಲ. ಎರಡು: ಸಭೆ ನಡೆಯುತ್ತಿದೆ, ಒಂದು ಕುರ್ಚಿ ಖಾಲಿಯಿದೆ, ರವಿ ಬಂದಿಲ್ಲ. ಬೋರ್ಡಿನ ಮೇಲೆ ಕಾಲದ ಗೆರೆ ಎಳೆದು, ಮೊದಲನೆಯದಕ್ಕೆ ಮುಚ್ಚಿದ ಪೆಟ್ಟಿಗೆ, ಎರಡನೆಯದಕ್ಕೆ ಈಗಿನ ಕ್ಷಣವನ್ನು ಮುಟ್ಟುವ ತೆರೆದ ಪೆಟ್ಟಿಗೆ ಬಿಡಿಸಿ. ಆಮೇಲೆ ಅರ್ಥವನ್ನು ಪರೀಕ್ಷಿಸಿ.

ಇಲ್ಲಿ ತೀರ ಸಾಮಾನ್ಯವಾದ ತಪ್ಪು 'ಅರ್ಥವಾಯಿತೇ?' ಎಂದು ಕೇಳುವುದು. ಅದಕ್ಕೆ 'ಹೌದು' ಎನ್ನುವುದು ಮರ್ಯಾದೆಯ ಉತ್ತರ, ಅದರಿಂದ ಏನೂ ತಿಳಿಯುವುದಿಲ್ಲ. ಬದಲಿಗೆ 'ರವಿ ಬಂದಿಲ್ಲ' ಎಂಬುದರ ಬಗ್ಗೆ ಹೀಗೆ ಕೇಳಿ. ಸಭೆ ಮುಗಿದಿದೆಯೇ? ರವಿಯನ್ನು ಇನ್ನೂ ಕಾಯುತ್ತಿದ್ದಾರೆಯೇ? ಈಗ ಬಾಗಿಲು ತೆರೆದು ಅವರು ಒಳಗೆ ಬರಬಹುದೇ? ಇದೇ ಮೂರು ಪ್ರಶ್ನೆಗಳನ್ನು 'ಬರಲಿಲ್ಲ'ಕ್ಕೂ ಕೇಳಿ, ಉತ್ತರಗಳು ತಿರುಗಬೇಕು. ಇಂಥ ಪ್ರಶ್ನೆಗೆ ಎರಡು ಷರತ್ತುಗಳಿವೆ: ಉತ್ತರ ಒಂದೆರಡು ಪದದಲ್ಲಿ ಮುಗಿಯಬೇಕು, ಪ್ರಶ್ನೆಯೊಳಗೆ ಕಲಿಸುತ್ತಿರುವ ರೂಪವೇ ಇರಬಾರದು. ಕೇಳಿದ ಮೇಲೆ ಕನಿಷ್ಠ ಮೂರು ಸೆಕೆಂಡು ಸುಮ್ಮನಿರಿ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಅದನ್ನು ಮೂರಕ್ಕೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಉತ್ತರಿಸುವವರೂ ಹೆಚ್ಚುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ವಿಜ್ಞಾನದ ತರಗತಿಗಳಲ್ಲಿ ತೋರಿಸಿದ್ದರು. ಪರಭಾಷೆಯಲ್ಲಿ ಉತ್ತರ ಕಟ್ಟುವವರಿಗೆ ಆ ಬಿಡುವು ಇನ್ನೂ ಹೆಚ್ಚು ಬೇಕು.

ಆಡುಮಾತಿನಲ್ಲಿ ಕೆಲವು ಕಡೆ 'ಇನ್ನೂ ಬರಲಿಲ್ಲ' ಎನ್ನುವುದೂ ಉಂಟು. ನಿಜ, ಆದರೆ ಅದನ್ನು ಮೊದಲ ದಿನ ತರಬೇಡಿ. ವ್ಯತ್ಯಾಸ ಗಟ್ಟಿಯಾದ ಮೇಲೆ ಸಡಿಲಿಕೆಯನ್ನು ತೋರಿಸಬಹುದು, ತಿರುಗುಮುರುಗಾದರೆ ಯಾವುದೂ ನಿಲ್ಲುವುದಿಲ್ಲ.

ರೂಪಕ್ಕೆ ಬಂದಾಗ ಕೋಷ್ಟಕ ಬರೆಯಿರಿ, ಕ್ರಿಯಾಪದಗಳನ್ನು ಆರಿಸಿ ಬರೆಯಿರಿ. 'ಮಾಡು, ನೋಡು, ಓದು' ಒಂದು ಗುಂಪು: ಮಾಡಲಿಲ್ಲ, ಮಾಡಿಲ್ಲ. 'ಬರು, ಕೊಡು, ತಿನ್ನು' ಇನ್ನೊಂದು: ಬರಲಿಲ್ಲ ಆದರೆ ಬಂದಿಲ್ಲ, ಕೊಡಲಿಲ್ಲ ಆದರೆ ಕೊಟ್ಟಿಲ್ಲ, ತಿನ್ನಲಿಲ್ಲ ಆದರೆ ತಿಂದಿಲ್ಲ. ಎರಡನೆಯ ಗುಂಪಿನಲ್ಲಿ ಧಾತುವಿನ ಮುಖವೇ ಬದಲಾಗುವುದರಿಂದ 'ಬಂದಲಿಲ್ಲ', 'ಬರಿಲ್ಲ' ಎಂಬ ತಪ್ಪುಗಳು ಹುಟ್ಟುತ್ತವೆ. 'ಬಂದೆ' ಎಂದು ಕಲಿತವರು ಅದಕ್ಕೇ 'ಇಲ್ಲ' ಅಂಟಿಸಿ 'ಬಂದೆ ಇಲ್ಲ' ಎನ್ನುವುದೂ ಇದೆ. ಇದರ ಜೊತೆಗೆ ಕಲಿಯುವವರಿಗೆ ಒಂದು ಸಿಹಿಸುದ್ದಿಯಿದೆ, ಅದನ್ನು ಅವರೇ ಕಂಡುಕೊಳ್ಳಲು ಬಿಡಿ: ನಾನು ಬರಲಿಲ್ಲ, ನೀವು ಬರಲಿಲ್ಲ, ಅವರು ಬರಲಿಲ್ಲ. 'ಬಂದೆ, ಬಂದಿರಿ, ಬಂದರು' ಎಂದು ಬದಲಾಗುತ್ತಿದ್ದ ಬಾಲ ಇಲ್ಲಿ ಬದಲಾಗುವುದೇ ಇಲ್ಲ. ಮೂರು ವಾಕ್ಯ ಬರೆದು 'ಏನು ಬದಲಾಯಿತು?' ಎಂದು ಕೇಳಿದರೆ ಸಾಕು.

ಉಚ್ಚಾರವನ್ನು ಹಾರಿಸಿ ಮುಂದೆ ಹೋಗಬೇಡಿ. ಮಾತಿನಲ್ಲಿ 'ಮಾಡಲಿಲ್ಲ' ಎಂಬುದು 'ಮಾಡ್ಲಿಲ್ಲ' ಆಗುತ್ತದೆ. 'ಮಾಡುವುದಿಲ್ಲ' ಎಂಬುದು 'ಮಾಡಲ್ಲ' ಆಗುತ್ತದೆ. ಹೊಸ ಕಿವಿಗೆ ಮಾಡಲ್ಲ, ಮಾಡ್ಲಿಲ್ಲ, ಮಾಡಿಲ್ಲ ಮೂರೂ ಒಂದೇ. ಮೊದಲು ಕೇಳಿಸಿ ಗುರುತಿಸುವ ಆಟ: ನೀವು ಹೇಳಿದ್ದು ಮೊದಲನೆಯದೋ ಎರಡನೆಯದೋ ಮೂರನೆಯದೋ ಎಂದು ಅವರು ಬೆರಳೆತ್ತಿ ತೋರಿಸಬೇಕು, ಬೆನ್ನಿಗೆ ಬೆನ್ನು ಹತ್ತು ಸಲ. ಕಿವಿ ಬೇರ್ಪಡಿಸಿದ ಮೇಲೆ ಬಾಯಿ. ಉದ್ದದ ಪದ ನಾಲಿಗೆಗೆ ಹೊರಳದಿದ್ದರೆ ಹಿಂದಿನಿಂದ ಕಟ್ಟಿ: ಇಲ್ಲ, ಲಿಲ್ಲ, ಡ್ಲಿಲ್ಲ, ಮಾಡ್ಲಿಲ್ಲ. ಮುಂದಿನಿಂದ ಕಟ್ಟಿದರೆ ಕೊನೆಗೆ ಬರುವ ಹೊತ್ತಿಗೆ ಉಸಿರೂ ಧಾಟಿಯೂ ಮುರಿದಿರುತ್ತವೆ, ಹಿಂದಿನಿಂದ ಕಟ್ಟಿದಾಗ ಪ್ರತಿ ಸಲವೂ ಗೊತ್ತಿರುವ ತುದಿಗೆ ಬಂದು ನಿಲ್ಲುತ್ತಾರೆ.

ನಡುವಿನ ಮೆಟ್ಟಿಲುಗಳು

ಬಹುಪಾಲು ಪಾಠಗಳು ಮುರಿಯುವುದು ಇಲ್ಲಿ. ವಿವರಣೆಯಿಂದ ನೇರವಾಗಿ 'ಈಗ ಜೋಡಿಯಾಗಿ ಮಾತಾಡಿ' ಎಂಬಲ್ಲಿಗೆ ಹಾರಿದರೆ ಕಲಿಯುವವರು ಹೊಸ ರೂಪವನ್ನು ಬದಿಗಿಟ್ಟು, ಹಳೆಯದರಲ್ಲೇ ಹೇಗೋ ದಾಟಿಕೊಳ್ಳುತ್ತಾರೆ. ಅಭ್ಯಾಸ ಬಿಗಿಯಿಂದ ಸಡಿಲದ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು.

ತೀರ ಬಿಗಿಯಾದದ್ದು ಡ್ರಿಲ್. ನೀವು 'ಓದು' ಅಂದರೆ ಅವರು 'ಓದಲಿಲ್ಲ', 'ಕೊಡು' ಅಂದರೆ 'ಕೊಡಲಿಲ್ಲ'. ಬಾಯಿಗೆ ರೂಪ ಕೂರಲು ಇದು ಬೇಕು. ಎರಡು ನಿಮಿಷ, ವೇಗವಾಗಿ, ಮೊದಲು ಎಲ್ಲರೂ ಒಟ್ಟಿಗೆ, ಆಮೇಲೆ ಒಬ್ಬೊಬ್ಬರು. ಅದಕ್ಕಿಂತ ಹೆಚ್ಚು ಎಳೆದರೆ ಬಾಯಿ ಆಡುತ್ತಿರುತ್ತದೆ, ತಲೆ ಬೇರೆಲ್ಲೋ ಇರುತ್ತದೆ.

ಯಾವ ಅಭ್ಯಾಸವಾದರೂ ರೂಪವನ್ನು ಮಾತ್ರ ಪರೀಕ್ಷಿಸುತ್ತದೆಯೇ, ಅರ್ಥವನ್ನೂ ಪರೀಕ್ಷಿಸುತ್ತದೆಯೇ ಎಂದು ತಿಳಿಯಲು ಒಂದು ಸುಲಭದ ಉಪಾಯವಿದೆ. ಕ್ರಿಯಾಪದದ ಜಾಗದಲ್ಲಿ ಅರ್ಥವೇ ಇಲ್ಲದ ಪದವೊಂದನ್ನು ಹಾಕಿ ನೋಡಿ. 'ಟಿಬ್ಬು' ಎಂದರೆ 'ಟಿಬ್ಬಲಿಲ್ಲ' ಎಂದು ಉತ್ತರ ಬರುವುದಾದರೆ ಆ ಅಭ್ಯಾಸಕ್ಕೆ ಅರ್ಥದ ಅಗತ್ಯವೇ ಇಲ್ಲ. ಅಚ್ಚಾದ ಬಿಟ್ಟಸ್ಥಳದ ಹಾಳೆಗಳಲ್ಲಿ ಬಹಳಷ್ಟು ಈ ಪರೀಕ್ಷೆಯಲ್ಲಿ ಸೋಲುತ್ತವೆ. 'ಮಾಡಲಿಲ್ಲ ರೂಪ ಬಳಸಿ ಭರ್ತಿ ಮಾಡಿ' ಎಂಬ ತಲೆಬರಹವೇ ಆಯ್ಕೆಯನ್ನು ಕಸಿದುಕೊಂಡಿರುತ್ತದೆ.

ಸರಿಪಡಿಸುವುದು ಕಷ್ಟವಲ್ಲ. ಎಂಟು ವಾಕ್ಯಗಳ ಹಾಳೆಯಲ್ಲಿ ಎರಡೂ ರೂಪಗಳನ್ನು ಬೆರೆಸಿ, ಯಾವುದು ಎಂದು ಸಂದರ್ಭವೇ ಹೇಳುವಂತೆ ಮಾಡಿ. 'ನಿನ್ನೆ ಅಂಗಡಿ ಮುಚ್ಚಿತ್ತು, ಅದಕ್ಕೆ ಚಾರ್ಜರ್ (ತರು) ______.' 'ಬಸ್ ಹೊರಡಲು ಇನ್ನೂ ಹತ್ತು ನಿಮಿಷ ಇದೆ, ಡ್ರೈವರ್ (ಬರು) ______.' ಅನುಕ್ರಮವನ್ನು ಊಹಿಸಲು ಬಿಡಬೇಡಿ, ಒಂದು ಬಿಟ್ಟು ಒಂದು ಎಂಬಂತೆ ಬಂದರೆ ಮೂರನೆಯ ವಾಕ್ಯಕ್ಕೇ ಜನ ಅದನ್ನು ಹಿಡಿಯುತ್ತಾರೆ. 'ಇನ್ನೂ' ಎಂಬ ಪದ ಪ್ರತಿ 'ಬಂದಿಲ್ಲ'ದ ಪಕ್ಕದಲ್ಲೂ ಇದ್ದರೆ ಅವರು ಆ ಪದವನ್ನು ನೋಡಿಯೇ ಬರೆಯುತ್ತಾರೆ. ಎರಡರಲ್ಲಿ ಇರಲಿ, ಎರಡರಲ್ಲಿ ಬೇಡ. ಮೊದಲ ವಾಕ್ಯವನ್ನು ಒಟ್ಟಿಗೆ ಮಾಡಿ, ಉಳಿದವನ್ನು ಒಬ್ಬೊಬ್ಬರೇ ಬರೆಯಲಿ, ಆಮೇಲೆ ಪಕ್ಕದವರೊಂದಿಗೆ ಹೋಲಿಸಲಿ. ಆ ಹೋಲಿಕೆಯ ಎರಡು ನಿಮಿಷವನ್ನು ಬಿಡಬೇಡಿ. 'ನೀವು ಯಾಕೆ ಬಂದಿಲ್ಲ ಅಂತ ಬರೆದಿರಿ?' ಎಂದು ಅವರವರೇ ಕೇಳಿಕೊಳ್ಳುವಾಗ ನಿಮ್ಮ ವಿವರಣೆಗಿಂತ ಹೆಚ್ಚು ಕಲಿಕೆ ನಡೆಯುತ್ತದೆ.

ಅದರ ಮೇಲಿನ ಮೆಟ್ಟಿಲು ಅರ್ಧ ಬಿಗಿ, ಅರ್ಧ ಸಡಿಲ. ಇಲ್ಲಿ ವಾಕ್ಯದ ಚೌಕಟ್ಟು ನಿಮ್ಮದು, ವಿಷಯ ಅವರದು. ಉದಾಹರಣೆಗೆ, ಪ್ರತಿಯೊಬ್ಬರೂ ಈ ವಾರ ಮಾಡಬೇಕೆಂದುಕೊಂಡು ಮಾಡದ ಐದು ಸಂಗತಿಗಳನ್ನು ಬರೆಯುತ್ತಾರೆ, ವಾಕ್ಯವಾಗಿ ಅಲ್ಲ, ಒಂದೊಂದೇ ಪದವಾಗಿ: ಫೋನ್, ಪುಸ್ತಕ, ವ್ಯಾಯಾಮ. ಜೊತೆಯವರು ಆ ಪದ ನೋಡಿ ಕೇಳಬೇಕು, 'ಪುಸ್ತಕ ಓದಿದಿರಾ?' ಉತ್ತರ: 'ಓದಿಲ್ಲ, ಭಾನುವಾರ ಓದುತ್ತೇನೆ' ಅಥವಾ 'ಓದಲಿಲ್ಲ, ಲೈಬ್ರರಿಗೆ ವಾಪಸ್ ಕೊಟ್ಟೆ.' ಎರಡನೆಯ ತುಂಡು ಕಡ್ಡಾಯ. ಅದಿಲ್ಲದಿದ್ದರೆ ಬರೀ 'ಇಲ್ಲ' ಎಂದು ಮುಗಿಸುತ್ತಾರೆ, ಆರಿಸಿದ ರೂಪ ಸರಿಯೇ ಎಂದು ತಿಳಿಯುವ ದಾರಿಯೂ ಇರುವುದಿಲ್ಲ. ಜೋಡಿಯನ್ನು ಎರಡು ಸಲ ಬದಲಾಯಿಸಿ. ಪ್ರತಿ ಸಲವೂ ಅದೇ ಸಂಗತಿಯನ್ನು ಹೊಸಬರಿಗೆ ಹೇಳುವುದರಿಂದ ಬೇಸರ ಬರುವುದಿಲ್ಲ, ಮಾತು ಮಾತ್ರ ಹದವಾಗುತ್ತ ಹೋಗುತ್ತದೆ. ಮಾತಿನ ಓಟಕ್ಕೆಂದೇ ಇದನ್ನು ಇನ್ನಷ್ಟು ಬಿಗಿಗೊಳಿಸಿದ ರೂಪವೊಂದಿದೆ: ಒಂದೇ ವಿಷಯವನ್ನು ಮೂವರು ಬೇರೆ ಬೇರೆ ಕೇಳುಗರಿಗೆ ಕ್ರಮವಾಗಿ 4, 3, 2 ನಿಮಿಷದಲ್ಲಿ ಹೇಳುವುದು. ಹೊಸ ರೂಪ ಕಲಿಸುವ ದಿನ ಅದು ಬೇಡ. ಚೆನ್ನಾಗಿ ಗೊತ್ತಿರುವ ಭಾಷೆಗೆ ಅದು ಹೇಳಿಮಾಡಿಸಿದ್ದು.

ಬಳಕೆಯ ಹಂತ ನಡೆಸುವ ಬಗೆ

ಈಗ ಪ್ರವಾಸದ ಚೀಟಿಗಳು. ಸೂಚನೆ ಕೊಟ್ಟು ಮುಗಿಯುವ ತನಕ ಕಾಗದ ಹಂಚಬೇಡಿ. ಕೈಗೆ ಕಾಗದ ಬಂದ ಕೂಡಲೇ ಕಿವಿ ಮುಚ್ಚುತ್ತದೆ. ಸೂಚನೆ ಮೂರು ಚಿಕ್ಕ ವಾಕ್ಯಗಳಲ್ಲಿರಲಿ, ಒಬ್ಬರನ್ನು ಮುಂದೆ ಕರೆದು ಮೊದಲ ಎರಡು ಸಾಲು ಆಡಿ ತೋರಿಸಿ. ಆಮೇಲೆ 'ಚೀಟಿ ತೋರಿಸಬಹುದೇ? ಎಷ್ಟು ನಿಮಿಷ ಇದೆ? ಕೆಲಸ ಹಂಚಿಕೊಳ್ಳಬಹುದೇ?' ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಜೋಡಿಗಳು ಎದುರುಬದುರಾಗಿ, ನಡುವೆ ಪುಸ್ತಕ ನಿಲ್ಲಿಸಿಕೊಂಡು ಕೂರಲಿ, ಇಲ್ಲದಿದ್ದರೆ ಚೀಟಿ ನೋಡಿಕೊಂಡು ಮುಗಿಸುತ್ತಾರೆ. ಬೆಸ ಸಂಖ್ಯೆಯ ತರಗತಿಯಾದರೆ ಒಂದು ಗುಂಪಿನಲ್ಲಿ ಮೂವರು ಇರಲಿ, ಮೂರನೆಯವರು ಕೇಳಿಸಿಕೊಂಡು ಪಟ್ಟಿ ಬರೆಯುವ ಕೆಲಸ ಮಾಡಲಿ; ನೀವು ಮಾತ್ರ ಜೋಡಿಯಾಗಬೇಡಿ. ನಿಮ್ಮ ಕಿವಿ ಉಳಿದವರಿಗೆ ಬೇಕು.

ಮಾತಿಗೆ ಮುಂಚೆ ಒಂದು ನಿಮಿಷ ಮೌನವಾಗಿ ಯೋಚಿಸಲು ಕೊಡಿ. ನಂತರ ಎಂಟು ನಿಮಿಷ ಮಾತು, ಆ ಹೊತ್ತಿನಲ್ಲಿ ತಿದ್ದುವುದು ಬೇಡ. ಕೈಯಲ್ಲಿ ಕಾಗದ ಹಿಡಿದು ಓಡಾಡಿ, ಕೇಳಿದ್ದನ್ನು ಬರೆದುಕೊಳ್ಳಿ, ತಪ್ಪು ಮಾತ್ರವಲ್ಲ, ಒಳ್ಳೆಯ ವಾಕ್ಯವನ್ನೂ. ಕೆಲವು ಜೋಡಿಗಳು 'ಟಿಕೆಟ್?' 'ಇಲ್ಲ.' 'ಚೀಲ?' 'ಇಲ್ಲ.' ಎಂದು ಸಾಗಿಸುವುದು ಕೇಳಿಸುತ್ತದೆ. ಅದು ಅವರ ಸೋಮಾರಿತನವಲ್ಲ, ಎದುರಿಗಿರುವವರಿಗೆ ಅಷ್ಟೇ ಸಾಕಾಗುತ್ತಿದೆ. ಮದ್ದು ಮುಂದಿನ ಭಾಗದಲ್ಲಿದೆ: ಉಳಿದ ಆರು ನಿಮಿಷದಲ್ಲಿ ಪ್ರತಿ ಜೋಡಿ ತಮ್ಮ ತೀರ್ಮಾನವನ್ನು ಮೂರು ವಾಕ್ಯಗಳಲ್ಲಿ ಸಿದ್ಧಪಡಿಸಿಕೊಳ್ಳಬೇಕು, ಎರಡು ಮೂರು ಜೋಡಿಗಳು ಎಲ್ಲರೆದುರು ಹೇಳಬೇಕು, ಉಳಿದವರು ತಮ್ಮದಕ್ಕಿಂತ ಬೇರೆಯಾದ ತೀರ್ಮಾನವನ್ನು ಗುರುತಿಸಬೇಕು. ಇಬ್ಬರ ನಡುವೆ ಅರೆಬರೆ ಮಾತು ನಡೆಯುತ್ತದೆ, ಹತ್ತು ಜನರೆದುರು ನಿಂತಾಗ ಎಲ್ಲರೂ ತಾವಾಗಿಯೇ ವಾಕ್ಯವನ್ನು ನೇರ ಮಾಡಿಕೊಳ್ಳುತ್ತಾರೆ.

ಕೊನೆಗೆ ತಿದ್ದುಪಡಿ. ಬರೆದುಕೊಂಡದ್ದರಿಂದ ಆರು ವಾಕ್ಯ ಆರಿಸಿ, ಎರಡು ಸರಿಯಾದವು, ನಾಲ್ಕು ತಪ್ಪು, ಯಾರದೆಂದು ಹೇಳದೆ ಬೋರ್ಡಿನ ಮೇಲೆ ಬರೆಯಿರಿ. ಯಾವುದು ಸರಿ, ಯಾವುದನ್ನು ತಿದ್ದಬೇಕು ಎಂದು ಜೋಡಿಗಳೇ ಹೇಳಲಿ. ಹನ್ನೆರಡು ತಪ್ಪು ಬರೆದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ, ನಾಲ್ಕರಲ್ಲಿ ಮೂರು ಇವತ್ತಿನ ಗುರಿಗೆ ಸೇರಿದ್ದಾಗಿರಲಿ.

ಅಭ್ಯಾಸದ ಹಂತದಲ್ಲಿ ಮಾತ್ರ ತಕ್ಷಣ ತಿದ್ದಬೇಕು, ಯಾಕೆಂದರೆ ಅಲ್ಲಿ ಗಮನ ರೂಪದ ಮೇಲೇ ಇದೆ. ಹೇಗೆ ತಿದ್ದುವುದು ಎಂಬುದೂ ಮುಖ್ಯ. 'ಅವರು ಬಂದಲಿಲ್ಲ' ಎಂದಾಗ 'ಓ, ಅವರು ಬರಲಿಲ್ಲವಾ?' ಎಂದು ಸರಿಯಾದ ರೂಪವನ್ನು ನಾವೇ ಹೇಳಿ ಮುಂದೆ ಹೋಗುವುದು ಎಲ್ಲರಿಗೂ ರೂಢಿ. ಕಲಿಯುವವರಿಗೆ ಅದು ಸಂಭಾಷಣೆಯ ಮುಂದುವರಿಕೆಯಂತೆ ಕೇಳಿಸುತ್ತದೆ, ತಿದ್ದುಪಡಿಯಂತೆ ಅಲ್ಲ. ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ಕೆನಡಾದ ಫ್ರೆಂಚ್ ತರಗತಿಗಳನ್ನು ಗಮನಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಕ್ಷಕರ ತಿದ್ದುಪಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಬಗೆಯವೇ ಆಗಿದ್ದವು, ಆದರೆ ಮಕ್ಕಳು ಅದಕ್ಕೆ ಸ್ಪಂದಿಸಿದ್ದು ಸುಮಾರು ಮೂರರಲ್ಲಿ ಒಂದು ಸಲ. ಅದರ ಬದಲು 'ಬಂದ...?' ಎಂದು ತಪ್ಪಿದ ಜಾಗದಲ್ಲಿ ನಿಲ್ಲಿಸಿ, ಬೋರ್ಡಿನ ಕೋಷ್ಟಕದ ಕಡೆ ಕೈ ತೋರಿಸಿ, ಅವರೇ ಸರಿಪಡಿಸಿಕೊಳ್ಳಲು ಬಿಡುವುದು ಹೆಚ್ಚು ಫಲ ಕೊಡುತ್ತದೆ. ಸರಿಪಡಿಸಿಕೊಂಡ ಮೇಲೆ ಇಡೀ ವಾಕ್ಯವನ್ನು ಇನ್ನೊಮ್ಮೆ ಹೇಳಿಸಿ.

ಕೇಳುವ, ಓದುವ ಪಾಠಗಳ ಮೈಕಟ್ಟು ಬೇರೆ

ಮೇಲಿನದೆಲ್ಲ ಹೊಸ ರೂಪವೊಂದನ್ನು ಕಲಿಸುವ ಪಾಠದ್ದು. ಕೇಳುವುದನ್ನು ಕಲಿಸುವಾಗ ಕ್ರಮ ಬದಲಾಗುತ್ತದೆ. ಒಂದೂವರೆ, ಎರಡು ನಿಮಿಷದ ಧ್ವನಿ ಸಾಕು. ಅದಿಲ್ಲದೆ ಕಥೆ ಹಿಡಿಯಲಾಗದು ಎನ್ನುವ ಐದಾರು ಪದಗಳನ್ನು ಮಾತ್ರ ಮೊದಲೇ ಕೊಡಿ, ಸಂದರ್ಭದಿಂದ ಊಹಿಸಬಹುದಾದವನ್ನು ಬಿಡಿ. ಮೊದಲ ಸಲ ಕೇಳಿಸುವ ಮುನ್ನ ಒಂದೇ ಒಂದು ದೊಡ್ಡ ಪ್ರಶ್ನೆ: ಇವರಿಬ್ಬರು ಯಾರು, ಯಾಕೆ ಜಗಳ? ಎರಡನೆಯ ಸಲಕ್ಕೆ ನಾಲ್ಕೈದು ವಿವರದ ಪ್ರಶ್ನೆಗಳು. ಪ್ರಶ್ನೆ ಯಾವಾಗಲೂ ಕೇಳಿಸುವುದಕ್ಕೆ ಮುಂಚೆ ಅವರ ಕೈಯಲ್ಲಿರಬೇಕು. ಆಮೇಲೆ ಕೊಟ್ಟರೆ ಅದು ನೆನಪಿನ ಪರೀಕ್ಷೆಯಾಗುತ್ತದೆ.

ಇಷ್ಟಕ್ಕೇ ನಿಲ್ಲಿಸುವವರು ಬಹಳ. ಉತ್ತರ ಸರಿ, ತಪ್ಪು ಎಂದು ಹೇಳಿ ಮುಗಿಸಿದರೆ ಪರೀಕ್ಷೆ ನಡೆಯಿತೇ ಹೊರತು ಪಾಠ ನಡೆಯಲಿಲ್ಲ. ಮೂರನೆಯ ಸಲ ಬರೆದ ಪಠ್ಯವನ್ನು ಕೈಗೆ ಕೊಟ್ಟು, ತಪ್ಪಿದ ಜಾಗವನ್ನು ಹುಡುಕಿಸಿ. ಪದವೇ ಗೊತ್ತಿರಲಿಲ್ಲವೇ, ಗೊತ್ತಿದ್ದರೂ ಮಾತಿನ ಓಟದಲ್ಲಿ ಕೇಳಿಸಲಿಲ್ಲವೇ? 'ಹೋಗಬೇಕಾಗಿತ್ತು' ಎಂಬುದು 'ಹೋಗ್ಬೇಕಿತ್ತು' ಆಗಿ ಬಂದಾಗ ಗೊತ್ತಿರುವ ಪದವೇ ಅಪರಿಚಿತವಾಗುತ್ತದೆ. ಆ ಹತ್ತು ಸೆಕೆಂಡಿನ ತುಂಡನ್ನೇ ನಾಲ್ಕೈದು ಸಲ ಕೇಳಿಸಿ.

ಓದಿಗೂ ಇದೇ ಮಾತು: ಮೊದಲು ಸಾರ, ಆಮೇಲೆ ವಿವರ, ಆಮೇಲೆ ಭಾಷೆ. ಆರಿಸುವ ಪಠ್ಯದ ಮಟ್ಟದ ಬಗ್ಗೆ ಒಂದು ಎಚ್ಚರಿಕೆ. ಯಾರ ನೆರವೂ ಇಲ್ಲದೆ ಸರಾಗವಾಗಿ ಓದಲು ನೂರಕ್ಕೆ ಸುಮಾರು 98 ಪದ ಗೊತ್ತಿರಬೇಕು ಎಂಬುದು ಪದಸಂಪತ್ತಿನ ಸಂಶೋಧಕರು ಒಪ್ಪುವ ಅಳತೆ. ನಿಮ್ಮ ಪಠ್ಯದ ಪ್ರತಿ ಸಾಲಿನಲ್ಲೂ ಒಂದು ಹೊಸ ಪದವಿದ್ದರೆ ಅದು ತರಗತಿಯಲ್ಲಿ ನೆರವಿನೊಂದಿಗೆ ಬಿಡಿಸುವ ಪಠ್ಯ, ಮನೆಯಲ್ಲಿ ಓದಿಕೊಂಡು ಬನ್ನಿ ಎನ್ನುವಂಥದ್ದಲ್ಲ.

ಕ್ರಮವನ್ನು ತಲೆಕೆಳಗು ಮಾಡುವ ದಿನಗಳು

ತರಗತಿಯ ಅರ್ಧ ಜನಕ್ಕೆ 'ಮಾಡಲಿಲ್ಲ' ಆಗಲೇ ಬರುತ್ತದೆ ಎಂಬ ಅನುಮಾನವಿದ್ದರೆ ಪ್ರವಾಸದ ಕೆಲಸವನ್ನೇ ಮೊದಲು ಕೊಡಿ. ಅವರ ಮಾತು ಕೇಳಿ, ಎಲ್ಲಿ ಎಡವುತ್ತಾರೋ ಅದನ್ನಷ್ಟೇ ಕಲಿಸಿ, ಆಮೇಲೆ ಬೇರೆ ಚೀಟಿಗಳೊಂದಿಗೆ ಅದೇ ಬಗೆಯ ಕೆಲಸವನ್ನು ಮತ್ತೆ ಮಾಡಿಸಿ. ಗೊತ್ತಿರುವುದನ್ನೇ ಇಪ್ಪತ್ತು ನಿಮಿಷ ಕೇಳುವ ಕಷ್ಟ ತಪ್ಪುತ್ತದೆ. ಇದರಲ್ಲಿ ಅಪಾಯವೂ ಇದೆ: ಏನು ಎಡವುತ್ತಾರೆ ಎಂದು ಮೊದಲೇ ಗೊತ್ತಿಲ್ಲದ್ದರಿಂದ, ಆ ಕ್ಷಣಕ್ಕೆ ವಿವರಿಸುವ, ಉದಾಹರಣೆ ಕೊಡುವ ಸಿದ್ಧತೆ ನಿಮಗೆ ಬೇಕು. ಹೊಸದಾಗಿ ಕಲಿಸಲು ಹೊರಟವರು ಮೊದಲು ನೇರ ಕ್ರಮದಲ್ಲಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು.

ಗಡಿಯಾರ

ನಮ್ಮ 60 ನಿಮಿಷದ ಹಂಚಿಕೆ ಹೀಗೆ: ಪೀಠಿಕೆ 4, ಸನ್ನಿವೇಶ ಮತ್ತು ಅರ್ಥ 8, ರೂಪ ಮತ್ತು ಉಚ್ಚಾರ 7, ಬಿಗಿ ಅಭ್ಯಾಸ 8, ಅರೆಬಿಗಿ ಅಭ್ಯಾಸ 10, ಪ್ರವಾಸದ ಕೆಲಸ 15, ತಿದ್ದುಪಡಿ 6, ಕೈಯಲ್ಲಿ ಉಳಿಕೆ 2. ಮೊದಲ 19 ನಿಮಿಷದಲ್ಲೇ ಪಾಠ ಹಿಗ್ಗುವುದು, ಯಾಕೆಂದರೆ ಅಲ್ಲಿ ಮಾತು ನಿಮ್ಮದು, ನಿಮ್ಮ ಮಾತು ನಿಮಗೆ ಉದ್ದವೆನಿಸುವುದಿಲ್ಲ. ಯೋಜನೆಯ ಹಾಳೆಯಲ್ಲಿ ಹಂತದ ಅವಧಿಯ ಜೊತೆಗೆ ಅದು ಮುಗಿಯಬೇಕಾದ ಗಡಿಯಾರದ ಸಮಯವನ್ನೂ ಬರೆದಿಡಿ. ಪಾಠ 10 ಗಂಟೆಗೆ ಶುರುವಾದರೆ ಬಳಕೆಯ ಕೆಲಸ ಶುರುವಾಗಬೇಕಾದದ್ದು 10:37ಕ್ಕೆ. ಅದಕ್ಕಾಗಿ 10:27ರ ಹೊತ್ತಿಗೆ ಬಿಗಿ ಅಭ್ಯಾಸದ ಎಂಟರಲ್ಲಿ ಐದೇ ವಾಕ್ಯ ಆಗಿದ್ದರೂ ಅಲ್ಲಿಗೆ ನಿಲ್ಲಿಸಿ, ಉಳಿದ ಮೂರು ಮನೆಗೆಲಸವಾಗಲಿ. ಬಿಟ್ಟಸ್ಥಳವನ್ನು ಮನೆಯಲ್ಲಿ ಒಬ್ಬರೇ ತುಂಬಬಹುದು, ಎದುರಿಗೆ ಕೂತು ವಾದಿಸುವ ಇನ್ನೊಬ್ಬರು ಸಿಗುವುದು ತರಗತಿಯಲ್ಲೇ.

ಮುಂದಿನ ತರಗತಿಯ ಮೊದಲ ಐದು ನಿಮಿಷವನ್ನೂ ಇವತ್ತೇ ಬರೆದಿಡಿ. ಪುಸ್ತಕ ಮುಚ್ಚಿ, ಬೋರ್ಡಿನ ಮೇಲೆ ಬರು, ಕೊಡು, ತಿನ್ನು, ಓದು, ಹೋಗು ಎಂಬ ಐದು ಪದಗಳು. ಎರಡೆರಡು ರೂಪ ನೆನಪಿನಿಂದ, ಒಂದೊಂದಕ್ಕೂ ಒಂದು ನಿಜದ ವಾಕ್ಯ. ಹತ್ತರಲ್ಲಿ ಆರಕ್ಕಿಂತ ಕಡಿಮೆ ಸರಿ ಬಂದವರು ಹೆಚ್ಚಿದ್ದರೆ ಆ ದಿನದ ಹೊಸ ಪಾಠಕ್ಕೆ ಹೋಗದೆ ಬಿಗಿ ಅಭ್ಯಾಸದ ಮೆಟ್ಟಿಲಿಗೇ ಹಿಂತಿರುಗಿ, ಆಮೇಲೆ ಅದೇ ಪ್ರವಾಸದ ಆಟವನ್ನು ಹೊಸ ಚೀಟಿಗಳೊಂದಿಗೆ ಇನ್ನೊಮ್ಮೆ ಆಡಿಸಿ.